ಸಾಹೇಬರ ಬೂಟಿಗೆ ಕಟ್ಟಿದ ದೋಣಿಕಟ್ಟೆ

ಹೊಸಮಾಳ,
ಗುರುವಾರ, ೨೧-೧೧-೧೯೩೫

ನನ್ನ ಮಗಳು ಮಂಗಳಾಳಿಗೆ ಅಪ್ಪನ ಆಶೀರ್ವಾದ.

ಕಾಲಿನ ಬಾವು ಇಳಿಯಿತೇ ತಾಯಿ? ಊಟ ಸೇರುತ್ತಿದೆಯೇ? ನಿಮ್ಮತ್ತೆಯವರ ಮಂಡಿನೋವು ಹೇಗಿದೆ? ಇಲ್ಲಿ ನಿನ್ನ ಅವ್ವ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ, ಕೊಬ್ಬರಿ, ಒಣಶುಂಠಿ ಎಲ್ಲ ಕೂಡಿಟ್ಟು ಕೂತಿದ್ದಾಳೆ. ಕೂತರೆ ನಿಂತರೆ ಒಂದೇ ಮಾತು: ‘ಏಳು ತುಂಬೋದ್ರೊಳಗೆ ಕರ್ಕೊಂಬನ್ನಿ, ಎಂಟರಲ್ಲಿ ನೀರು ದಾಟುಸ್ಬಾರ್ದು.’ ಕರೆತರದೆ ಇರಲು ನನಗೇನು ಕೊಬ್ಬೇ? ಕೃಷ್ಣರಾಜನಗರದ ಮೇಲೆ ಸುತ್ತಿಕೊಂಡು ಗಾಡಿಯಲ್ಲಿ ಬಂದರೆ ಆ ದಾರಿಯ ಕುಲುಕಾಟಕ್ಕೆ ಏನಾದರೂ ಆದೀತೆಂದು ನನಗೆ ಭಯ. ದೋಣಿಯೇ ಸರಿ. ಆದರೆ ಈ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ತೇಲಿಬಂದ ದಿಮ್ಮಿಗಳು ಗುದ್ದಿ ಗುದ್ದಿ ನಮ್ಮೂರ ದೋಣಿಕಟ್ಟೆ ಪುಡಿಯಾಗಿತ್ತಲ್ಲ, ದೋಣಿಯಿಂದ ಇಳಿದರೆ ಮೊಣಕಾಲುದ್ದ ಕೆಸರು. ಬಸುರಿ ಹೆಂಗಸನ್ನು ಅಲ್ಲಿ ಇಳಿಸುವುದು ಹೇಗೆ?

ಕಲ್ಲಿತ್ತು, ಗಾರೆಯಿತ್ತು, ಆಳುಗಳಿದ್ದರು. ಇಲ್ಲದ್ದು ಅಪ್ಪಣೆ. ನೀರು ಸರ್ಕಾರದ್ದಂತೆ, ದಡವೂ ಸರ್ಕಾರದ್ದಂತೆ. ಅಣೆಕಟ್ಟು ಕಟ್ಟಿ ನಮ್ಮ ಹೊಲ ಮುಳುಗಿಸುವಾಗ ಇವರು ಯಾರ ಅಪ್ಪಣೆ ಕೇಳಿದ್ದರೋ! ನೀರಾವರಿ ಕಚೇರಿಗೆ ಅರ್ಜಿ ಕೊಟ್ಟೆ. ಇನ್ಸ್‌ಪೆಕ್ಟರು ಖುದ್ದು ಬಂದು ನೋಡದೆ ಆಗುವುದಿಲ್ಲ ಎಂದರು. ಬಂದು ನೋಡಲಿ ಎಂದೆ. ಆಗ ಅವರ ದಫೇದಾರ ಬಂದು ಮೀಸೆ ತಿರುವುತ್ತಾ ಹೇಳುತ್ತಾನೆ: ‘ಸಾಹೇಬ್ರು ಬೂಟಾಕ್ಕೊಂಡು ದೋಣೀಲಿ ಬತ್ತಾರೆ ಕಣ್ರೀ ಯಜಮಾನ್ರೇ, ಕೆಸರಾಗ್ಬಾರ್ದು. ಅಷ್ಟರೊಳಗೆ ಒಂಚೂರು ಸರಿಮಾಡ್ಸಿಬುಡಿ.’ ಮುರಿದದ್ದನ್ನು ನೋಡಲು ಬರುವವನಿಗೋಸ್ಕರ ಮುರಿದದ್ದನ್ನು ಸರಿಮಾಡಿಡಬೇಕಂತೆ! ಇಂಥ ಬುದ್ಧಿಗೆ ತಿಂಗಳು ತಿಂಗಳು ಸಂಬಳ ಬೇರೆ. ಆದರೂ ಒಳಗೊಳಗೇ ನನಗೆ ಖುಷಿಯಾಯಿತು. ಆ ದರಿದ್ರ ಬೂಟಿನ ನೆಪದಲ್ಲಿ ನೀನು ಇಳಿಯಲು ಕಟ್ಟೆಯಾಗುತ್ತದಲ್ಲ! ದೋಣಿ ನಡೆಸುವ ಅಂಕಯ್ಯನೂ ಕೈಹಾಕಿದ. ನಿನಗೆ ಆಯಾಸವಾಗದಿರಲೆಂದು ಮೆಟ್ಟಿಲುಗಳನ್ನು ತಗ್ಗಾಗಿಯೇ ಇಡಿಸಿದೆ.

ಮೊನ್ನೆ ಆ ಮಹಾನುಭಾವ ಬಂದ. ಕೊಡೆ ಹಿಡಿಯಲು ಒಬ್ಬ, ಕುರ್ಚಿ ಹೊರಲು ಇನ್ನೊಬ್ಬ. ಮೆಟ್ಟಿಲ ಮೇಲೆ ಬೂಟು ಕುಟ್ಟಿ ನೋಡಿ, ‘ಗಟ್ಟಿಯಾಗಿದೆಯಲ್ಲ, ರಿಪೇರಿ ಯಾತಕ್ಕೆ?’ ಎಂದು ಅರ್ಜಿ ವಜಾ ಮಾಡಿದ. ನಮ್ಮ ಮನೆಯ ಕೋಡುಬಳೆ ತಿಂದು ಬಾಯಿ ಒರೆಸಿಕೊಳ್ಳುತ್ತಾ, ‘ಅಪ್ಪಣೆಯಿಲ್ಲದೆ ಇದನ್ನು ಕಟ್ಟಿದವರು ಯಾರು?’ ಎಂದೂ ಕೇಳಿದ. ನಿಮ್ಮ ದಫೇದಾರನೇ ಹೇಳಿದ್ದು ಎಂದರೆ ಆ ಹೇಡಿ ಆಕಾಶ ನೋಡುತ್ತಾ ನಿಂತಿದ್ದ. ಅಂಕಯ್ಯ ತಡೆಯಲಾರದೆ, ‘ತಾವು ಇಳ್ದಿರೋದೇ ಅದ್ರ ಮ್ಯಾಲೆ ಕಣ್ ಸ್ವಾಮಿ’ ಎಂದು ಬೈಸಿಕೊಂಡ. ಥೂ! ಈ ಸಾಹೇಬನಿಗೆ ಓದು ಕಲಿಸಿದ ಮೇಷ್ಟರನ್ನು ಹುಡುಕಿ ಕೇಳಬೇಕು ನಾನು. ‘ಕಾನೂನು ಪ್ರಕಾರ ಹೋಗಿ ಮಾವ’ ಎಂದು ಅಳಿಯಂದಿರು ಬರೆದಿದ್ದರಲ್ಲ, ಹೋಗಿ ಬಂದೆ ಎಂದು ಹೇಳು.

ನಿಮ್ಮತ್ತೆ ಮಾವನವರಿಗೆ ನನ್ನ ಶರಣು. ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನೂ ಹೊಟ್ಟೆಯಲ್ಲಿರುವುದನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಶಿವನಂಜಪ್ಪ

ಮತ್ತೆ: ಟಪಾಲಿನವನು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಪ್ಪಣೆಯಿಲ್ಲದೆ ಕಟ್ಟಿದ್ದೆಂದು ಬುಧವಾರ ಸಾಹೇಬರು ಆಳುಗಳನ್ನು ಕಳಿಸಿ ಕಟ್ಟೆ ಕೀಳಿಸುತ್ತಾರಂತೆ. ಅದಕ್ಕೆ ಮುಂಚೆ ಇರುವುದು ಮಂಗಳವಾರದ ಸಂತೆ ದೋಣಿ ಒಂದೇ. ಅವತ್ತು ಅಮಾವಾಸ್ಯೆ. ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ದಿನವಲ್ಲ ಎಂದು ನಿನ್ನ ಅವ್ವ ಅಳುತ್ತಿದ್ದಾಳೆ, ನಿಮ್ಮತ್ತೆಯವರೂ ಬೇಡವೆನ್ನಬಹುದು. ಏನು ಬಂದರೂ ನನ್ನ ತಲೆಗೇ ಬರಲಿ, ನೀನು ಬಂದುಬಿಡು ಮಗಳೇ. ನೀನು ಕಾಲಿಡುವ ತನಕ ಆ ಕಟ್ಟೆ ಬಿಟ್ಟು ನಾನು ಏಳುವುದಿಲ್ಲ. ಆಮೇಲೆ ಒಂದೊಂದು ಕಲ್ಲನ್ನೂ ಅವರೇ ತಲೆಯ ಮೇಲೆ ಹೊತ್ತುಕೊಂಡು ಹೋಗಲಿ.