ಬಾಗಿಲು ತೆಗೆಯಿರಿ ಎಂದರೆ

ವಿದ್ಯಾರಣ್ಯಪುರ
ಭಾನುವಾರ

ರಮ್ಯಾ,

ಮೊದಲು ‘ಪ್ರೀತಿಯ’ ಎಂದು ಬರೆದು, ಆಮೇಲೆ ಹೊಡೆದು ಹಾಕಿದ್ದೇನೆ. ಪ್ರೀತಿ ಇಲ್ಲವೆಂದಲ್ಲ, ಪತ್ರದ ಮೊದಲ ಪದವಾಗುವಷ್ಟು ಅದು ಇಂದು ಮುಂದೆ ಬಂದು ನಿಂತಿಲ್ಲ.

ಶಾಲೆ ಬಿಟ್ಟ ಮೇಲೆ ಮಕ್ಕಳು ಕುಳಿತು ಓದಲೆಂದು ದೊಡ್ಡಮುನಿಯಪ್ಪನವರು ಬಿಟ್ಟುಕೊಟ್ಟ ಅಲ್ಲಾಳಸಂದ್ರದ ಹಳೆಯ ಮನೆ, ನಮ್ಮ ಓದುಮನೆ, ನಿನ್ನ ಕಚೇರಿಯ ನಕ್ಷೆಯಂತೆಯೇ ದುರಸ್ತಿಯಾಗಿ ಕಳೆದ ಸೋಮವಾರ ಮತ್ತೆ ಶುರುವಾಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲೇ ಇದ್ದ ನಾನು ಅದನ್ನು ನೋಡಿದ್ದು ಅಂದೇ. ಹೊಸ ಕಿಟಕಿ, ತಿಳಿ ಹಳದಿ ಬಣ್ಣ, ಎಲ್ಲವೂ ಅಚ್ಚುಕಟ್ಟು. ನಿನ್ನ ಬಗ್ಗೆ ಹೆಮ್ಮೆಪಡುತ್ತಿದ್ದಾಗಲೇ ಹಿಂದಿನ ಓಣಿಯಿಂದ ಒಂದು ಕೂಗು ಕೇಳಿಸಿತು: “ಮಿಸ್, ಬಾಗ್ಲು ಎಲ್ಲಿ?”

ಕೂಗಿದವಳು ಶೀತಲ್. ಅವಳು ಯಾರೆಂದು ನಿನಗೆ ನೆನಪಿಸಬೇಕಾಗಿ ಬಂದಿರುವುದೇ ನನ್ನ ಸಿಟ್ಟಿನ ಮೊದಲ ಕಾರಣ. ಏಳನೆಯ ತರಗತಿಯ ಹುಡುಗಿ, ಗಾಲಿಕುರ್ಚಿಯಲ್ಲಿ ಓಡಾಡುವವಳು. ಓದುಮನೆಯ ಮುಂಬಾಗಿಲಿಗೆ ಎತ್ತರದ ಮೆಟ್ಟಿಲುಗಳಿವೆ. ಅವನ್ನು ಇಳಿದರೆ ನೇರ ರಸ್ತೆ, ಇಳಿಜಾರು ಕಟ್ಟಲು ಜಾಗವೇ ಇಲ್ಲ. ಹಿಂದಿನ ಓಣಿ ಮಾತ್ರ ಮನೆಯ ನೆಲಕ್ಕೆ ಸಮ. ಆದರೆ ಆ ಕಡೆಯ ಬಾಗಿಲಿಗೆ ಯಾರೋ ಎಂದೋ ಮೊಳೆ ಹೊಡೆದಿದ್ದರು. ಹೀಗಾಗಿ ಅವಳ ತಾಯಿ ರತ್ನವ್ವ ಅವಳನ್ನು ಸೊಂಟದ ಮೇಲೆ ಹೊತ್ತು ಮೆಟ್ಟಿಲೇರುತ್ತಿದ್ದರು.

ದುರಸ್ತಿಗೆ ಮೊದಲು ನೀನು ಕರೆದ ಸಭೆಯಲ್ಲಿ, ನಿನ್ನ ಫೋನು ಮೇಜಿನ ಮೇಲೆ ಎಲ್ಲರ ಮಾತನ್ನೂ ದಾಖಲಿಸಿಕೊಳ್ಳುತ್ತಿರುವಾಗ, ಬಿಜಾಪುರದ ಕಡೆಯವರಾದ ಆ ತಾಯಿ ಎದ್ದು ನಿಂತು ಹೇಳಿದರು: “ಹಿಂದಿನ ಬಾಗಲಾ ತಗೀರಿ ಅಕ್ಕಾರ. ಇಷ್ಟ ಮಾಡಿಕೊಟ್ರ ನಮ್ಮ ಹುಡುಗಿ ತನ್ನ ಗಾಡಿ ತಾನ ನೂಕ್ಕೊಂಡು ಬರ್ತಾಳ. ನನ್ನ ಸೊಂಟಕ್ಕೂ ಪೆನ್ಷನ್ ಸಿಗ್ತದ.” ಎಲ್ಲರೂ ನಕ್ಕೆವು. ನೀನೂ ನಕ್ಕೆ, ಆಗಲಿ ಎಂದು ತಲೆಯಾಡಿಸಿದೆ.

ಮುಂದೇನಾಯಿತೆಂಬುದನ್ನು ನಿನ್ನ ಕಚೇರಿಯಿಂದ ಕಾಗದಗಳನ್ನು ತರಿಸಿಕೊಂಡು ಓದಿ ತಿಳಿದೆ. ಆ ಮಾತುಗಳನ್ನು ನಿನ್ನ ಎಐ ಇಂಗ್ಲಿಷಿಗೆ ತಿರುಗಿಸಿ ಬೇಡಿಕೆಗಳ ಪಟ್ಟಿ ಮಾಡಿತು. ‘ತಗೀರಿ’ ಎಂದರೆ ಕಿತ್ತು ಹಾಕಿ ಎಂದುಕೊಂಡಿತು. ಹುಡುಗಿ, ಗಾಡಿ, ಸೊಂಟ ಇವೆಲ್ಲ ಹರಟೆಯೆಂದು ಕೈಬಿಟ್ಟಿತು. ನಕ್ಷೆಯಲ್ಲಿ ಬಾಗಿಲು ಹೋಗಿ ಗೋಡೆ ಬಂತು. ಆಮೇಲೆ ಅದೇ ಎಐ ಆ ನಕ್ಷೆಯನ್ನು ತಾನೇ ಮಾಡಿದ ಪಟ್ಟಿಯೊಂದಿಗೆ ಹೋಲಿಸಿ, ಎಲ್ಲವೂ ಸರಿಯಿದೆ ಎಂದು ವರದಿ ಕೊಟ್ಟಿತು. ವಿದ್ಯಾರ್ಥಿಯ ಕೈಗೇ ಅವನ ಉತ್ತರಪತ್ರಿಕೆಯನ್ನೂ ಕೆಂಪು ಪೆನ್ನನ್ನೂ ಕೊಟ್ಟರೆ ಇನ್ನೇನಾಗುತ್ತದೆ? ವರದಿಯ ಕೆಳಗೆ ‘ಪರಿಶೀಲಿಸಿದವರು’ ಎಂಬಲ್ಲಿ ನಿನ್ನ ಸಹಿ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಕೆಂಪಾಪುರದ ನಿನ್ನ ಕಚೇರಿಗೆ ಬಂದಿದ್ದಾಗ, ಒಂದು ಹಾಳೆಯಲ್ಲಿ ಒಂದು ಅಳತೆ, ಇನ್ನೊಂದರಲ್ಲಿ ಮತ್ತೊಂದು ಅಳತೆ ಇದ್ದ ಕಿಟಕಿಯನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದದ್ದನ್ನು ಕಂಡು ನಾನೇ ಮೆಚ್ಚಿದ್ದೆ. “ಎರಡು ವಾರದ ಪೇಪರ್ ವರ್ಕು ಒಂದ್ ಮಧ್ಯಾಹ್ನಕ್ಕೆ ಮುಗ್ದೋಗತ್ತೆ ಮಿಸ್” ಎಂದೆ ನೀನು. ಸಂತೋಷ. ಹಾಗೆ ಉಳಿದ ವಾರಗಳಲ್ಲಿ ಒಂದು ಸಂಜೆ ಬಂದು ರತ್ನವ್ವನವರನ್ನು ಒಂದು ಮಾತು ಕೇಳಲು ನಿನಗೇನಾಗಿತ್ತು? ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕಿನ ನೆಪ ಹೇಳಬೇಡ.

ಇಷ್ಟನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆ. ನುಂಗಲಾರದ್ದು ಸೋಮವಾರ ಆ ಗೋಡೆಯ ಮುಂದೆ ನಿಂತು ನಾನು ಫೋನ್ ಮಾಡಿದಾಗ ನೀನು ಆಡಿದ ಮಾತು. “ಅವ್ರು ‘ತೆರೀರಿ’ ಅಂದಿದ್ರೆ ಈ ಕನ್‌ಫ್ಯೂಷನ್ನೇ ಇರ್ತಿರ್ಲಿಲ್ಲ ಮಿಸ್. ಭಾಷೆ ಕರೆಕ್ಟಾಗಿರ್ಬೇಕು ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?” ಸ್ಪೀಕರ್ ಹಾಕಿತ್ತು. ಪಕ್ಕದಲ್ಲಿದ್ದ ದೊಡ್ಡಮುನಿಯಪ್ಪನವರು “ಏನ್ ತಾಯಿ, ನಿನ್ ಮಿಸೀನು ಬಾಗ್ಲೂ ನುಂಗ್ಬುಟ್ಟು ಈಗ ಈಯಮ್ಮನ್ ನಾಲ್ಗೆ ಸರೀಗಿಲ್ಲ ಅಂತದಾ?” ಎಂದು ಕೂಗಿದ್ದು ನಿನಗೆ ಕೇಳಿಸಿರಬೇಕು. ಅಲ್ಲೇ ನಿಂತಿದ್ದ ರತ್ನವ್ವ ನನ್ನನ್ನು ಮೆಲ್ಲಗೆ ಕೇಳಿದ್ದು ಕೇಳಿಸಿರಲಾರದು: “ನಾ ತಪ್ಪ ಹೇಳಿದ್ನೇನ್ರೀ ಟೀಚರ?”

ನನ್ನ ಪಾಠವನ್ನು ನನ್ನ ಮುಖಕ್ಕೇ ಹಿಡಿದೆಯಲ್ಲ, ಅದನ್ನು ಪೂರ್ತಿ ಕೇಳಿಕೋ. ‘ತೆಗೆ’ ಎಂಬುದಕ್ಕೆ ‘ತೆರೆ’ ಎಂಬ ಅರ್ಥ ಶುದ್ಧ ಕನ್ನಡದಲ್ಲೇ ಇದೆ, ನಿಘಂಟು ನೋಡು. ಮಳೆಯಲ್ಲಿ ನೆನೆದು ಬಂದು “ಅಮ್ಮಾ, ಬಾಗ್ಲು ತೆಗಿ” ಎಂದು ನೀನು ಕೂಗಿದರೆ ನಿನ್ನ ತಾಯಿ ಉಳಿ, ಸುತ್ತಿಗೆ ಹುಡುಕಿಕೊಂಡು ಬರುತ್ತಾರೆಯೇ? ಅಲ್ಪಪ್ರಾಣ ಮಹಾಪ್ರಾಣಕ್ಕಾಗಿ ನಾನು ನಿಮ್ಮನ್ನೆಲ್ಲ ಗದರಿದ್ದು, ಒಬ್ಬರ ಮಾತು ಇನ್ನೊಬ್ಬರಿಗೆ ಕೆಡದೆ ತಲುಪಲಿ ಎಂದು. ತಲುಪದಿದ್ದಾಗ ಆಡಿದವರ ನಾಲಗೆಗೆ ತಪ್ಪು ಅಂಟಿಸುವ ಪಾಠವನ್ನು ನಾನು ಯಾವ ತರಗತಿಯಲ್ಲೂ ಮಾಡಿಲ್ಲ. ಇನ್ನು ನಿನ್ನ ವ್ಯಾಕರಣಕ್ಕೆ ಬರೋಣ. ನಿನ್ನ ಆ ಸಹಿಯ ಅರ್ಥ ‘ನಾನು ಪರಿಶೀಲಿಸಿದೆ’ ಎಂದು. ಅದು ಭೂತಕಾಲದ ಕ್ರಿಯಾಪದ. ಕ್ರಿಯೆ ನಡೆಯದೆ ಅದನ್ನು ಬರೆದರೆ ವ್ಯಾಕರಣದ ತಪ್ಪೇನೂ ಆಗುವುದಿಲ್ಲ. ಅದಕ್ಕೆ ಕನ್ನಡದಲ್ಲಿ ಸುಳ್ಳು ಎನ್ನುತ್ತಾರೆ.

ಶೀತಲ್ ಅಂದು ಹಿಂತಿರುಗಿ ಹೋದವಳು ಮತ್ತೆ ಬಂದಿಲ್ಲ. ನಾನು ಮನೆಗೆ ಹೋಗಿ ಕರೆದರೆ, “ಇನ್ಮೇಲೆ ಹೊರಿಸ್ಕೊಂಡ್ ಬರಲ್ಲ ಮಿಸ್. ನಾನೇನ್ ಅಕ್ಕಿ ಮೂಟೆನಾ?” ಎಂದಳು. ರತ್ನವ್ವ ಒಳಗೇ ಉಳಿದರು. ಮೊದಲಿನಂತೆ ನನ್ನೊಡನೆ ಮಾತಿಗೆ ಬರಲಿಲ್ಲ.

ಬರುವ ಶನಿವಾರ ಮೇಸ್ತ್ರಿಯನ್ನು ಕರೆದುಕೊಂಡು ಬಾ. ಸಹಿ ಮಾಡಿದವಳು ನೀನು. ಆ ಗೋಡೆಗೆ ಮೊದಲ ಏಟು ನಿನ್ನ ಕೈಯಿಂದಲೇ ಬೀಳಲಿ. ಅದಕ್ಕೂ ಮೊದಲು ರತ್ನವ್ವನವರ ಮನೆಗೆ ಹೋಗಿ, “ನಿಮ್ಮ ಮಾತು ಸರಿಯಾಗಿಯೇ ಇತ್ತು, ನಾನು ಓದದೆ ಸಹಿ ಹಾಕಿದೆ” ಎಂದು ಹೇಳು. ಈಮೇಲ್ ಬೇಡ. ಯಂತ್ರದಿಂದ ಬರೆಸಿದ ಕ್ಷಮಾಪಣೆಯಂತೂ ಬೇಡವೇ ಬೇಡ. ಅಷ್ಟು ನುಣುಪಾದ ಕನ್ನಡ ನಿನಗೆ ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಅಲ್ಲಿಯವರೆಗೆ ನಾನೂ ಮುಂದಿನ ಮೆಟ್ಟಿಲು ಹತ್ತುವುದಿಲ್ಲ. ನಾಳೆಯಿಂದ ಓದುಮನೆ ಹಿಂದಿನ ಓಣಿಯಲ್ಲೇ, ಚಾಪೆಯ ಮೇಲೆ. ಓಡಾಡುವವರಿಗೆ ತೊಂದರೆಯಾಗುತ್ತದೆ, ಆಗಲಿ. ಯಾಕೆಂದು ಕೇಳಿದವರಿಗೆ ಗೋಡೆಯನ್ನೂ ತೋರಿಸುತ್ತೇನೆ, ನಕ್ಷೆ ಮಾಡಿದವಳು ನನ್ನ ವಿದ್ಯಾರ್ಥಿನಿ ಎಂದೂ ಹೇಳುತ್ತೇನೆ. ಶೀತಲ್‌ಗೆ ಹೇಳಿ ಕಳುಹಿಸಿದೆ. ತಾನೇ ಗಾಡಿ ನೂಕಿಕೊಂಡು ಬರುತ್ತಾಳಂತೆ.

ನಿನ್ನ ಸಹಿಯ ಮೇಲಿರುವ ಪ್ರತಿಯೊಂದು ಸಾಲನ್ನೂ ಓದುವಷ್ಟು ಪುರುಸೊತ್ತು ದೇವರು ನಿನಗೆ ಕೊಡಲಿ.

ಶನಿವಾರ ಓಣಿಯಲ್ಲಿ ಕಾದಿರುವ
ನಿನ್ನ ಟೀಚರ್,
ಕೃಷ್ಣಮ್ಮ