ಸಕ್ಕರೆ ಹಾಕಬೇಡಿ

ಕುವೈತ್ ಸಿಟಿ

ಪ್ರೀತಿಯ ಡೆಲ್ಮಾ ಬಾಯಿ,

ಇದನ್ನು ಹೇಳುವುದೇ ಬೇಡ ಎಂದುಕೊಂಡಿದ್ದೆ. ನಿಮ್ಮ ತಮ್ಮ ತೀರಿಕೊಂಡು ವರ್ಷ ತುಂಬುವ ಪೂಜೆಗೆ, ಬರುವ ಜೂನ್‌ನಲ್ಲಿ, ನನಗೆ ರಜೆ ಸಿಗಲಿಲ್ಲ. ಊಟಕ್ಕೆ ಏನು ಮಾಡಲಿ ಎಂದು ನೀವು ಫೋನಿನಲ್ಲಿ ಕೇಳಿದಾಗ, ಏನಾದರೂ ಆಗಬಹುದು ಎಂದೆ. ಅಲ್ಲಿ ಊರಮನೆಯ ನಮ್ಮ ಕಪಾಟಿನಲ್ಲಿ, ನನ್ನ ಡೋಲ್ಫಿಯ ಕೋಟಿನ ಹಿಂದೆ, ಅರ್ಜೆಂಟೀನಾದ ಒಂದು ಬಾಟಲಿ ವೈನ್ ಇದೆ, ಮಾಲ್ಬೆಕ್ ಎಂಬ ದ್ರಾಕ್ಷಿಯದು. ಕುವೈತಿಗೆ ಮದ್ಯ ತರುವ ಹಾಗಿಲ್ಲವೆಂದು ಅವರು ಅಲ್ಲೇ ಇಟ್ಟಿದ್ದರು. ಪೂಜೆಯ ದಿನ ಊಟಕ್ಕೆ ಅದನ್ನು ತೆರೆಯಿರಿ.

ಕಪ್ಪುಗೆಂಪು ಬಣ್ಣ, ಗಟ್ಟಿ ರುಚಿ, ಕೊನೆಗೆ ಸ್ವಲ್ಪ ಒಗರು. ನಮ್ಮ ಕ್ರಿಸ್‌ಮಸ್ ವೈನಿನಂತೆ ಸಿಹಿ ಇರುವುದಿಲ್ಲ. ಕಳೆದ ಸಲ ಇಂಥದ್ದೇ ಬಾಟಲಿ ತೆರೆದಾಗ ನೀವು ಜಗ್ಗಿಗೆ ಸಕ್ಕರೆ ಕಲಸಿದಿರಿ. "ಬಾಯಿ, ಇದು ಶರಬತ್ತಲ್ಲ ಮಾರಾಯ್ತಿ. ಈ ದ್ರಾಕ್ಷಿಯ ಊರು ಫ್ರಾನ್ಸ್. ಅರ್ಜೆಂಟೀನಾದ ಬೆಟ್ಟಕ್ಕೆ ಹೋದ ಮೇಲೆಯೇ ಅದಕ್ಕೆ ಮೈ ಬಂದದ್ದು, ಗಲ್ಫಿಗೆ ಹೋದ ನನ್ನ ಹಾಗೆ" ಎಂದರು ಡೋಲ್ಫಿ. ನಾನು ನಕ್ಕಿದ್ದೆನೇ? ನೆನಪಾಗುತ್ತಿಲ್ಲ.

ದಯವಿಟ್ಟು ಈ ಸಲ ಸಕ್ಕರೆ ಹಾಕಬೇಡಿ. ನನಗೆಂದು ಉಳಿಸಲೂ ಬೇಡಿ, ತೆರೆದ ಮೇಲೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ.

ನಿಮ್ಮ
ವೆನಿಸ್ಸಾ

ನಮ್ಮ ಮದುವೆಗೆ ಇಪ್ಪತ್ತು ವರ್ಷ ತುಂಬುವ ದಿನ ಆ ಬಾಟಲಿ ತೆರೆಯೋಣ ಎಂದಿದ್ದರು ಡೋಲ್ಫಿ. ಈ ಪತ್ರವನ್ನು ಅಂದೇ ಪೋಸ್ಟ್ ಮಾಡುತ್ತೇನೆ, ಏಪ್ರಿಲ್ ಇಪ್ಪತ್ತೇಳಕ್ಕೆ.