ಮೂರನೆಯ ದಿನದ ಬ್ರೆಡ್

ಭಾನುವಾರ, ಮಧ್ಯಾಹ್ನ

ಕೋಪದಲ್ಲಿ ಫೋನ್ ಇಟ್ಟುಬಿಟ್ಟ ನನ್ನ ಪುಟ್ಟಿಗೆ ಅಮ್ಮನ ಪ್ರೀತಿಯ ನೆನಪುಗಳು.

ನಾನು ಕದ್ದು ತಿಂದಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ, ನಿನ್ನ ಯೋಗಕ್ಷೇಮ ಆಮೇಲೆ ವಿಚಾರಿಸುತ್ತೇನೆ. ಬೇಕರಿಯವರ ಹೆಂಡತಿ ಬೆಣ್ಣೆ ಬಿಟ್ಟಿದ್ದಾಳೆ ಅಂದ್ರೆ ಯಾರು ನಂಬ್ತಾರಮ್ಮಾ ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ತಮಾಷೆಗೇ ಅಂದಿರಬಹುದು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಉತ್ತರ ಕೊಡೋಣವೆಂದರೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ನಿನ್ನಪ್ಪ ನಿಂತಿದ್ದರು. ಆಮೇಲೆ ಮಾತಾಡ್ತೀನಿ ಅಂದೆ, ನೀನು ಸಿಟ್ಟಾಗಿ ಫೋನ್ ಇಟ್ಟೆ.

ಪಿತ್ತಕೋಶದಲ್ಲಿ ಕಲ್ಲಿದೆ ಎಂದು ತಿಳಿದ ಮೇಲೆ ನಾನು ಹೇಗೆ ಬದುಕುತ್ತಿದ್ದೇನೆ ಎಂಬುದನ್ನು ನೀನು ಕಣ್ಣಾರೆ ನೋಡಿಲ್ಲ. ಊತ ಇಳಿಯುವ ತನಕ ಆಪರೇಷನ್ ಮಾಡೋ ಹಾಗಿಲ್ಲ, ಅಲ್ಲಿಯವರೆಗೆ ಜಿಡ್ಡು ಮುಟ್ಟಬೇಡಿ, ಮತ್ತೆ ಮತ್ತೆ ಕೆರಳಿದರೆ ಮೇದೋಜೀರಕಕ್ಕೂ ಹಬ್ಬಿ ಪ್ರಾಣಕ್ಕೇ ಬರಬಹುದು ಅಂತ ಡಾಕ್ಟರು ಹೇಳಿದ್ದರು. ಅಂದಿನಿಂದ ಕೆನೆ ತೆಗೆದ ಹಾಲು, ಬೇಯಿಸಿದ ತರಕಾರಿ, ಮೊಟ್ಟೆಯ ಬಿಳಿ ಭಾಗ, ಸೇಬು. ಕೇಕಿಗೆ ಕ್ರೀಮ್ ಹಚ್ಚುವಾಗ ಬೆರಳಿಗೆ ಅಂಟಿದ್ದನ್ನು ನೆಕ್ಕುವುದು ನನ್ನ ಹಳೆಯ ಚಾಳಿ. ಈಗ ಬಟ್ಟೆಗೆ ಒರೆಸಿಕೊಳ್ಳುತ್ತೇನೆ. ರುಚಿ ನೋಡುವುದಕ್ಕೆ ಎದುರಂಗಡಿ ದರ್ಜಿಯ ಹೆಂಡತಿಯನ್ನು ಕರೆಯುತ್ತೇನೆ. ಆಕೆ ಏನು ಕೊಟ್ಟರೂ ಚೆನ್ನಾಗಿದೆ ಅನ್ನುತ್ತಾಳೆ, ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಚಮಚ ಕೇಳುತ್ತಾಳೆ.

ನನ್ನ ಊಟದ ಹೊಣೆಯನ್ನು ನಿನ್ನಪ್ಪ ತಾವೇ ವಹಿಸಿಕೊಂಡರು. ಅಂಗಡಿಯ ಬ್ರೆಡ್ ನನಗೆ ಆಗುವುದಿಲ್ಲವೆಂದು ಬರೀ ಹಿಟ್ಟು, ನೀರು, ಉಪ್ಪು, ಯೀಸ್ಟ್ ಹಾಕಿ ನನ್ನ ಪಾಲಿನದನ್ನು ಬೇರೆಯಾಗಿ ಸುಡುತ್ತಿದ್ದರು. ಒಲೆಯ ಮುಂದೆ ನಿಂತ ಅವರ ಬೆನ್ನು ನೋಡಿ, ಈ ವಯಸ್ಸಿನಲ್ಲಿ ಇಷ್ಟು ಉಪಚಾರ ಯಾರಿಗುಂಟು ಅಂದುಕೊಳ್ಳುತ್ತಿದ್ದೆ.

ಹೋದ ತಿಂಗಳು ಶೋಕೇಸಿನ ಗಾಜು ಒರೆಸುವಾಗ ಮತ್ತೆ ಬಂತು. ಬಲಪಕ್ಕೆಯ ಕೆಳಗೆ ಹಿಡಿದುಕೊಂಡ ನೋವು ಬೆನ್ನು ದಾಟಿ ಹೆಗಲಿಗೇರಿತು. ಉಸಿರು ಎಳೆದುಕೊಳ್ಳಲೂ ಆಗದೆ ಗಾಜಿಗೆ ಹಣೆ ಒತ್ತಿ ನಿಂತಿದ್ದೆ. ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ನನ್ನ ರಿಪೋರ್ಟು ನೋಡಿ, ಏನು ತಿಂದ್ರಿ, ನಿಜ ಹೇಳಿ ಅಂದರು. ಏನೂ ತಿಂದಿಲ್ಲ ಅಂದೆ. ಬೇಕರಿ ಮನೆಯವರಲ್ವಾ, ಕೈ ಕೇಳಬೇಕಲ್ಲ ಅಂತ ನಕ್ಕರು. ನಾನು ನಿನ್ನಪ್ಪನ ಮುಖ ನೋಡಿದೆ. ಅವರು ನನ್ನ ಚಪ್ಪಲಿಯ ಚೀಲ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಇವಳು ತಿಂದಿಲ್ಲ ಸಾರ್ ಅನ್ನಬಹುದಿತ್ತು. ಒಂದು ಮಾತು ಸಾಕಿತ್ತು ನನಗೆ.

ಮನೆಗೆ ಬಂದ ಮೇಲೆ ಕೆಲವು ದಿನ ಏನೂ ಸೇರಲಿಲ್ಲ. ಅವರು ಮಾಡಿಟ್ಟ ಬ್ರೆಡ್ ಡಬ್ಬಿಯಲ್ಲೇ ಉಳಿದು ಮೂರನೆಯ ದಿನವಾಯಿತು. ಇಷ್ಟರಲ್ಲಿ ಕಟ್ಟಿಗೆಯಾಗಿರುತ್ತದೆ, ಪುಡಿ ಮಾಡೋಣವೆಂದು ಹೊರತೆಗೆದೆ. ಹೂವಿನಂತೆ ಮೆತ್ತಗಿತ್ತು. ಒತ್ತಿದರೆ ತಗ್ಗಿ ಮತ್ತೆ ಮೇಲೆದ್ದಿತು.

ನೀನೂ ಹಿಟ್ಟಿನ ಮೇಜಿನ ಕೆಳಗೆ ಆಡಿ ಬೆಳೆದವಳು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಜಿಡ್ಡಿಲ್ಲದ ಬ್ರೆಡ್ ಮಾರನೆಯ ದಿನಕ್ಕೇ ಒಣಗುತ್ತದೆ. ಬೆಣ್ಣೆ ಹಾಕಿದ್ದರೆ ವಾಸನೆ ಹೇಳಿಬಿಡುತ್ತಿತ್ತು. ವನಸ್ಪತಿ ತುಪ್ಪಕ್ಕಾದರೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಾತ್ರೆ ನುಂಗಿ ನುಂಗಿ ನನ್ನ ಬಾಯಿಗೂ ರುಚಿ ಗೊತ್ತಾಗುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಅಲ್ಲೇ ಕೂತುಬಿಟ್ಟೆ. ಆಸ್ಪತ್ರೆಯಲ್ಲಿ ಅವರು ನೆಲ ನೋಡಿದ್ದು ಯಾಕೆಂದು ಆಗ ಅರ್ಥವಾಯಿತು.

ಕೇಡು ಬಗೆದು ಮಾಡಿದ್ದಲ್ಲ, ಅಷ್ಟು ನನಗೆ ಗೊತ್ತು. ನಿನ್ನ ಸೋದರತ್ತೆಯನ್ನು ನೀನು ನೋಡಿಲ್ಲ. ಜ್ವರ ಬಂದಾಗ ಪಥ್ಯವೆಂದು ತಿಂಗಳುಗಟ್ಟಲೆ ನೀರು ಗಂಜಿ ಕುಡಿಸಿದರಂತೆ. ಬಟ್ಟಲು ಹಿಡಿದು ಹೋಗುತ್ತಿದ್ದುದು ನಿನ್ನಪ್ಪನೇ. ಕೊನೆಗೆ ಎತ್ತಿದರೆ ತೂಕವೇ ಇರಲಿಲ್ಲ ಅಂತ ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿದ್ದರು, ಮತ್ತೆಂದೂ ಹೇಳಿಲ್ಲ. ಪಥ್ಯ ಎಂಬ ಮಾತು ಕೇಳಿದರೇ ಅವರಿಗೆ ಸಾವು ಕಾಣಿಸುತ್ತದೆ. ಆದರೆ ಪುಟ್ಟಿ, ಪ್ರೀತಿಯಿಂದ ಹಾಕಿದ ಕೊಬ್ಬೆಂದು ನನ್ನ ಪಿತ್ತಕೋಶಕ್ಕೆ ಹೇಗೆ ತಿಳಿಯಬೇಕು?

ಅಂದಿನಿಂದ ಅವರು ಮಾಡಿದ್ದನ್ನು ನಾನು ತಿನ್ನುತ್ತಿಲ್ಲ. ಬಿಸಿಲಲ್ಲಿ ಕೂತು ತಿಂತೀನಿ ಅಂತ ತಟ್ಟೆ ಹಿಡಿದು ಮಾಳಿಗೆಗೆ ಹೋಗಿ ಬ್ರೆಡ್ಡನ್ನು ಪಾರಿವಾಳಗಳಿಗೆ ಹಾಕುತ್ತೇನೆ. ತರಕಾರಿ ಸೂಪು ಚರಂಡಿ ಸೇರುತ್ತದೆ. ಸೇಬೊಂದೇ ನಂಬಿಕೆಯದು, ಅದರೊಳಗೆ ಯಾರೂ ಏನೂ ಬೆರೆಸಲಾರರು. ಉಂಗುರ ಸಡಿಲವಾಗಿ ಹಿಟ್ಟಿನೊಳಗೆ ಬಿದ್ದು, ಅಷ್ಟೂ ಹಿಟ್ಟನ್ನು ಬಿಡಿಸಿ ಹುಡುಕಬೇಕಾಯಿತು. ನಾನು ಸೊರಗಿದಷ್ಟೂ ನಿನ್ನಪ್ಪ ಬ್ರೆಡ್ಡನ್ನು ದಪ್ಪ ದಪ್ಪ ಕೊಯ್ಯುತ್ತಾರೆ. ನಾನು ಖಾಲಿ ತಟ್ಟೆ ತಂದಿಡುತ್ತೇನೆ, ಅವರ ಮುಖ ಅರಳುತ್ತದೆ.

ಮೊನ್ನೆ ಆಸ್ಪತ್ರೆಗೆ ತೋರಿಸಲು ಹೋದಾಗ ನರ್ಸಮ್ಮ ತೂಕ ನೋಡಿ ಗದರಿದರು. ಹೀಗೆ ಹಸಿದುಕೊಂಡಿದ್ರೆ ಪಿತ್ತ ಅಲ್ಲೇ ನಿಂತು ಇನ್ನಷ್ಟು ಕಲ್ಲಾಗುತ್ತೆ, ಮುಂದಿನ ವಾರ ಇಷ್ಟೇ ಇದ್ರೆ ಆಪರೇಷನ್ ಮುಂದಕ್ಕೆ ಹಾಕ್ತಾರೆ ನೋಡಿ ಅಂದರು. ಮುಂದಕ್ಕೆ ಹೋದರೆ ಇನ್ನೊಂದು ಸಲ ಆ ನೋವು ಬಂದೇ ಬರುತ್ತದೆ. ತಿಂದರೂ ಭಯ, ಬಿಟ್ಟರೂ ಭಯ. ನಿನ್ನಪ್ಪ ತಟ್ಟೆ ತರುವ ಹೆಜ್ಜೆ ಸಪ್ಪಳ ಕೇಳಿದರೆ ಎದ್ದು ಎಲ್ಲಾದರೂ ಹೋಗಿಬಿಡೋಣ ಅನ್ನಿಸುತ್ತದೆ. ಕಟ್ಟಿಕೊಂಡ ಗಂಡನ ಬಗ್ಗೆ ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಕೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಹೌದು ಅಂದರೆ ಆ ಕೈಯಿಂದ ಮತ್ತೆ ಹೇಗೆ ತಿನ್ನಲಿ? ಇಲ್ಲ ಅಂದರೆ ಹೇಗೆ ನಂಬಲಿ? ಕೇಕಿಗೆ ಮೊಟ್ಟೆ ಒಡೆಯುತ್ತಾ ನಿಂತೆ.

ಪ್ರತಿ ತಿಂಗಳಿನಂತೆ ನಿನಗೆ ರಸ್ಕ್ ಪಾರ್ಸೆಲ್ ಸಿದ್ಧವಾಗಿದೆ. ಡಬ್ಬಿಗೆ ಕಾಗದ ಸುತ್ತುವುದು, ಮೈದಾ ಗಂಜಿ ಹಚ್ಚಿ ಅಂಟಿಸುವುದು ನಿನ್ನಪ್ಪನ ಕೆಲಸ. ನನ್ನ ಪತ್ರವನ್ನು ಪೂರ್ತಿ ಓದಿ, ಕೆಳಗೆ ತಮ್ಮದೂ ಎರಡು ಸಾಲು ಸೇರಿಸದೆ ಅವರು ಎಂದಾದರೂ ಅಂಟಿಸಿದ್ದುಂಟೇ? ಈ ಸಲವೂ ಜಾಗ ಬಿಟ್ಟಿದ್ದೇನೆ. ಎದುರು ನಿಂತು ಕೇಳಲಾಗದ್ದನ್ನು ನಿನ್ನ ನೆಪದಲ್ಲಿ ಕೇಳಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಇದು ನಿನ್ನ ಕೈ ಸೇರಿದರೆ ಅವರು ಓದಿಯೇ ಕಳಿಸಿದ್ದಾರೆ ಎಂದು ತಿಳಿದುಕೋ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಮ್ಮು ಹೇಗಿದೆ, ಬರಿ.

ಕದ್ದು ತಿನ್ನದ,
ನಿನ್ನ ಅಮ್ಮ

ತಾ.ಕ.: ಪುಟ್ಟಿ, ಇದು ಅಪ್ಪ ಬರೆಯುತ್ತಿರುವುದು. ಓದಿದೆ. ಆಸ್ಪತ್ರೆಗೆ ಸೇರಿಸುವ ಮುಂಚಿನ ಬ್ರೆಡ್ಡಿಗೆ ವನಸ್ಪತಿ ಹಾಕಿದ್ದು ನಿಜ. ಅವಳ ಕೊರಳ ಮೂಳೆ ನೋಡಲಾಗಲಿಲ್ಲ, ಸ್ವಲ್ಪ ಹಾಕಿದರೆ ಏನಾದೀತು ಅಂದುಕೊಂಡೆ. ಡಾಕ್ಟರ ಎದುರು ನನಗೆ ನಾಲಿಗೆ ಏಳಲಿಲ್ಲ.

ಅವತ್ತಿನಿಂದ ಒಂದು ಚೂರೂ ಹಾಕಿಲ್ಲ. ಅವಳು ನೋಡಿದ ಮೂರನೆಯ ದಿನದ ಬ್ರೆಡ್ ಮೆತ್ತಗಿದ್ದದ್ದು ಆಲೂಗಡ್ಡೆಯಿಂದ. ಒಣ ಬ್ರೆಡ್ ಅವಳ ಗಂಟಲಲ್ಲಿ ಇಳಿಯುವುದಿಲ್ಲವೆಂದು, ಬೇಯಿಸಿದ ಆಲೂಗಡ್ಡೆ ಅರೆದು ಹಿಟ್ಟಿಗೆ ಸೇರಿಸಿದೆ. ಹದ ಸಿಗುವ ಮುಂಚೆ ಎಷ್ಟೋ ಸಲ ಕೆಟ್ಟಿತು. ಇದನ್ನು ಹೇಳಲು ಹೋದರೆ ಅದನ್ನೂ ಹೇಳಬೇಕಿತ್ತು, ಹಾಗಾಗಿ ಎರಡನ್ನೂ ನುಂಗಿಕೊಂಡೆ. ನನ್ನ ಜನ್ಮದಲ್ಲಿ ಮಾಡಿದ ಎಲ್ಲಕ್ಕಿಂತ ಒಳ್ಳೆಯ ಬ್ರೆಡ್ ಅದು, ಪಾರಿವಾಳಗಳು ತಿಂದವು.

ನಾಳೆ ಡಾಕ್ಟರ ಹತ್ತಿರ ಹೋಗಿ ಕದ್ದು ಹಾಕಿದವನು ನಾನು ಎಂದು ಹೇಳಿಬರುತ್ತೇನೆ. ಇಷ್ಟು ಬರೆದು ನಿನ್ನ ಅಮ್ಮನಿಗೆ ತೋರಿಸಿದೆ. ತಾನೇ ಆಲೂಗಡ್ಡೆ ಬೇಯಿಸಿ, ಸಿಪ್ಪೆ ಸುಲಿದು ನನ್ನ ಮುಂದಿಟ್ಟಳು. ನೀವು ಹಿಟ್ಟು ಕಲಸಿ, ನಾನು ನೋಡ್ತೀನಿ ಅಂದಳು. ಮೇಜಿನ ಆಚೆ ಸ್ಟೂಲ್ ಎಳೆದುಕೊಂಡು ಕೂತಿದ್ದಾಳೆ. ನನ್ನ ಕೈ ಮೇಲಿಂದ ಕಣ್ಣು ತೆಗೆಯುತ್ತಿಲ್ಲ.